ಸೆವ್ರಿನ್ ಬಾಯಿಯ ಪುಟ್ಟ ಆಲ್ತಾರು

ಕಡಬ
17 ನವೆಂಬರ್ 2024

ಪ್ರೀತಿಯ ಮಗ ಶಾಫಿಗೆ ಉಮ್ಮನ ಸಲಾಂ.

ನಿನ್ನ ಬೆನ್ನುನೋವು ಹೇಗುಂಟು? ಅಮೀರಾಳಿಗೂ ಮಕ್ಕಳಿಗೂ ದಮ್ಮಾಮಿನ ಹವೆ ಒಗ್ಗಿತಾ? ಇಲ್ಲಿ ನಡೆದದ್ದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ಅಣ್ಣ ಅದ್ದು ಆಮೇಲೆ ಫೋನ್ ಮಾಡಿ ಅತ್ತರೆ ನೀನು ಕರಗುವವನು. ಕಾಗದವಾದರೆ ಎರಡು ಸಲ ಓದಬಹುದು. ನಾಡಿದ್ದು ಅಲ್ಲಿಗೆ ಹೊರಡುವ ಮೈಮೂನಮ್ಮನ ಅಳಿಯನ ಕೈಯಲ್ಲಿ ಕಳಿಸುತ್ತಿದ್ದೇನೆ.

ನರಿಮೊಗರಿನ ನಮ್ಮ ನೆರೆಮನೆಯ ಸೆವ್ರಿನ್ ಬಾಯಿ ಆಸ್ಪತ್ರೆಗೆ ಹೊರಟಾಗ ತನ್ನ ಪ್ರಾರ್ಥನೆಯ ಪುಟ್ಟ ಆಲ್ತಾರನ್ನು ನನ್ನ ಕೈಗೆ ಕೊಟ್ಟಿದ್ದಳು. ಎರಡು ಅಂಗೈ ಅಗಲದ, ಬಾಗಿಲುಳ್ಳ ಮರದ ದೇವರ ಗೂಡು. ಬಾಗಿಲು ತೆರೆದರೆ ಚಿನ್ನದ ಬಣ್ಣದ ಮೇಲೆ ಮಗುವನ್ನೆತ್ತಿಕೊಂಡ ಮರ್ಯಂ ಬೀವಿ, ಬಾಗಿಲುಗಳಲ್ಲಿ ಒಬ್ಬೊಬ್ಬ ಸಂತ. "ನಾನು ಬಾರದಿದ್ದರೆ ಕಡಬದಲ್ಲಿರುವ ತಂಗಿ ಪೌಲಿನ್‌ಗೆ ಕೊಡು ಐಸಮ್ಮ" ಎಂದಿದ್ದಳು. ಅವಳು ಬರಲಿಲ್ಲ. ನನ್ನನ್ನು ಕಡಬಕ್ಕೆ ಬಿಡು ಎಂದರೆ ಅದ್ದುವಿಗೆ ಪುರುಸೊತ್ತಿಲ್ಲ. "ಚಿತ್ರ ಇಟ್ಟ ಮನೆಯಲ್ಲಿ ಬರಕತ್ ಇರುದಿಲ್ಲ, ಏಳಿಗೆ ಇರುದಿಲ್ಲ ಉಮ್ಮ" ಎಂದು ಅದನ್ನು ಗೊಬ್ಬರದ ಚೀಲದಲ್ಲಿ ಸುತ್ತಿ ಶೆಡ್ಡಿಗೆ ಹಾಕಿದ. ಅಷ್ಟು ಧರ್ಮಿಷ್ಠ ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದು ನನಗೇ ಗೊತ್ತಿರಲಿಲ್ಲ.

ಆಮೇಲೆ ಸೆವ್ರಿನ್ ಬಾಯಿಯ ತಮ್ಮನ ಮಗ ವಾಲ್ಟರ್ ಕೊಚ್ಚಿಯಿಂದ ಹಳೆಯ ವಸ್ತುಗಳ ವ್ಯಾಪಾರಿಯೊಬ್ಬನನ್ನು ಕರೆದುಕೊಂಡು ಬಂದ. ಅತ್ತೆ ಆಸ್ಪತ್ರೆಯಲ್ಲಿದ್ದಾಗ ಒಮ್ಮೆಯೂ ಇಣುಕದವನು ಇವನು. ಯುರೋಪಿನ ಯಾರೋ ಶ್ರೀಮಂತರು ಮನೆಯಲ್ಲಿ ಒಬ್ಬರೇ ಕುಳಿತು ಪ್ರಾರ್ಥಿಸಲು ಮಾಡಿಸಿಕೊಂಡದ್ದು, ಐನೂರು ವರ್ಷ ಹಳೆಯದು ಎಂದ ವ್ಯಾಪಾರಿ. ಅಂದೇ ಅದು ಶೆಡ್ಡಿನಿಂದ ಚಾವಡಿಯ ಗಾಜಿನ ಕಪಾಟಿಗೆ ಬಂತು. "ಎಂತ ಬರಕತ್ ನೋಡಿ ಉಮ್ಮ, ನಮ್ಮ ಮನೆಗೇ ಬಂದದ್ದು" ಎಂದ ಅದ್ದು. ವಾಲ್ಟರ್ ಅದರ ಮುಂದೆ ಶಿಲುಬೆಯ ಗುರುತು ಹಾಕಿಕೊಂಡ, ಬಲಗೈ ಬಿಟ್ಟು ಎಡಗೈಯಲ್ಲಿ. ಇಬ್ಬರೂ ನಾನು ಮಾಡಿದ ಅಕ್ಕಿಹಿಟ್ಟಿನ ಪತ್ತಿರ್ ತಿನ್ನುತ್ತಾ, ಇಬ್ಬರದ್ದೂ ಅಲ್ಲದ ವಸ್ತುವಿನಿಂದ ಬರುವ ದುಡ್ಡನ್ನು ಮಾತಿನಲ್ಲೇ ಪಾಲು ಮಾಡಿಕೊಂಡರು. ನನ್ನ ಹತ್ತಿರ ಕೇಳಿದ್ದು ಇನ್ನಷ್ಟು ಸಾರು ಉಂಟಾ ಎಂದು ಮಾತ್ರ.

ಮೊನ್ನೆ ಶುಕ್ರವಾರ ಅದ್ದು ಜುಮಾಕ್ಕೆ ಹೋದಾಗ ಅದನ್ನು ನನ್ನ ನಮಾಜಿನ ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ಪೌಲಿನ್‌ಗೆ ಈಗ ಕಣ್ಣು ಸರಿ ಕಾಣುವುದಿಲ್ಲ. ಬಾಗಿಲುಗಳನ್ನು ಬೆರಳಲ್ಲಿ ತಡವಿ ತೆರೆದಳು. ಬೆಲೆ ಕೇಳಲಿಲ್ಲ. "ಅಕ್ಕ ಕಡೆಗೆ ತುಂಬಾ ನೋವು ತಿಂದಳಾ?" ಎಂದು ಕೇಳಿದಳು. ತಿಂದಳು, ನಿನ್ನ ಹೆಸರು ಹೇಳುತ್ತಿದ್ದಳು ಎಂದೆ. ಅಂದಿನಿಂದ ಅವಳ ಮನೆಯಲ್ಲೇ ಇದ್ದೇನೆ.

ಅಲ್ಲಾಹು ನಿಮ್ಮೆಲ್ಲರನ್ನೂ ಕಾಯಲಿ. ಮಕ್ಕಳ ಕೆನ್ನೆಗೆ ನನ್ನ ಮುತ್ತು.

ನಿನ್ನ ಉಮ್ಮ,
ಐಸಮ್ಮ

ಮರೆತ ಮಾತು: ಅದ್ದು ಮನೆಯ ಬೀಗ ಬದಲಿಸಿದ್ದಾನೆ. "ಅದನ್ನು ವಾಪಸು ತಂದರೆ ಮಾತ್ರ ಒಳಗೆ ಬನ್ನಿ" ಎಂದು ಫೋನಿನಲ್ಲಿ ಹೇಳಿದ. ಮನೆ ನಿನ್ನ ಹೆಸರಲ್ಲಿ ಉಂಟು ಎಂಬುದು ಅವನಿಗೆ ಮರೆತಿರಬೇಕು. ನಾಳೆ ಬೀಗ ಒಡೆಯುವವನನ್ನು ಕರೆದುಕೊಂಡು ಹೋಗುತ್ತೇನೆ. ನಿನ್ನ ಒಪ್ಪಿಗೆ ಕೇಳುತ್ತಿಲ್ಲ. ಅದ್ದುವಿನ ಸಾಮಾನು ಎಲ್ಲಿಗೆ ಕಳಿಸಬೇಕು ಎಂಬುದನ್ನು ಮಾತ್ರ ತಿಳಿಸು.