ಮಂಚ ಇವತ್ತು ಇಳಿಯಲ್ಲ

ರೀ,

ಸ್ನಾನ ಮುಗಿಸಿ ಬಂದು ನನ್ನನ್ನ ಹುಡುಕ್ಬೇಡಿ. ಚಿತ್ರಾನ್ನ ಡಬ್ಬಿಗೆ ಹಾಕಿದ್ದೀನಿ, ತಗೊಳ್ಳಿ. ಗ್ಯಾಸ್ ಆಫ್ ಮಾಡಿದ್ದೀನಿ, ಆದ್ರೂ ಒಂದ್ಸಲ ನೋಡಿ. ಹಿತ್ತಲ ಬಾಗಿಲ ಚಿಲಕ ಹಾಕಿ, ಬೀಗದ ಕೈ ಪಕ್ಕದ ಮನೆ ರಾಮಮ್ಮನಿಗೆ ಕೊಡಿ.

ಅವರ ಮನೇಗೆ ನಿಮ್ಮ ಪೀಣ್ಯದ ಫ್ಯಾಕ್ಟರಿಯವರ ಫೋನ್ ಬಂದಿತ್ತು. ಅತ್ತಿಬೆಲೆಗೆ ಅರ್ಜೆಂಟ್ ಲೋಡ್ ಇದೆಯಂತೆ. ಯಜಮಾನ್ರು ಊರಲ್ಲಿಲ್ಲ ಅಂದ್ಬಿಟ್ಟೆ. ಅದು ಸುಳ್ಳಾಗೋ ಮುಂಚೆ ಹೊರಡೋಣ.

ಮ್ಯಾಟಡೋರ್ ವ್ಯಾನಿನ ಒಳಗೆ ಮಂಚ, ಸ್ಟೌ, ಪರದೆ ಎಲ್ಲಾ ನೀವೇ ಆಸೆಪಟ್ಟು ಕೂರಿಸಿದ್ರಿ. ಅದರಲ್ಲೇ ಬೇಯಿಸ್ಕೊಂಡು, ಅದರಲ್ಲೇ ಮಲಗಿ ಊರೂರು ನೋಡೋಣ ಅಂದ್ರಿ. ಆಮೇಲೆ ನಾವು ಹೊರಟಾಗಲೆಲ್ಲ ಒಂದು ಲೋಡ್ ಬಂತು, ನೀವು ಬೋಲ್ಟ್ ಬಿಚ್ಚಿ ಮಂಚ ಇಳಿಸಿದ್ರಿ. ಕಟ್ಟಿದ ಬುತ್ತೀನ ನಾನು ಅಡುಗೆಮನೇಲೇ ಕೂತು ತಿಂದೆ.

ಅದಕ್ಕೇ ನಿನ್ನೆ ನೀವು ಬಸ್ಸಲ್ಲಿ ಮಾದನಾಯಕನಹಳ್ಳಿಗೆ ಅತ್ತಿಗೆ ಮನೇಗೆ ಹೋಗಿದ್ದಾಗ ಹನುಮಯ್ಯನ್ನ ಕರೆಸಿ ಮಂಚಾನ ವ್ಯಾನಿಗೇ ವೆಲ್ಡ್ ಮಾಡಿಸ್ದೆ. ಅವನ ಮೇಲೆ ರೇಗ್ಬೇಡಿ. "ಅಣ್ಣನ್ನ ಕೇಳಿದ್ದೀರಾ ಅಕ್ಕಾ?" ಅಂತ ಪದೇಪದೇ ಕೇಳ್ದ. ವಾಪಸ್ ಬಂದ್ಮೇಲೆ ಅವನೇ ಕಟ್ ಮಾಡ್ಕೊಡ್ತಾನೆ. ನಿಮ್ಮ ದುಡಿಮೆಗೆ ಕಲ್ಲು ಹಾಕೋಳಲ್ಲ ನಾನು.

ನಾಳೆ ಮಂಗಳವಾರ, ಮೈಸೂರು ಝೂಗೆ ರಜ. ಜಿರಾಫೆ ಇವತ್ತೇ ನೋಡ್ಬೇಕು. ದಾರೀಲಿ ಚನ್ನಪಟ್ಟಣದ ಬೊಂಬೆ ಅಂಗಡಿ ಮುಂದೆ ನಿಲ್ಲಿಸ್ಬೇಕು, ಟೈಮಿಲ್ಲ ಅನ್ನಂಗಿಲ್ಲ.

ಚೀಟಿ ಹಾರಿಹೋಗದ ಹಾಗೆ ಅದರ ಮೇಲೆ ಮಂಚದ ಬೋಲ್ಟುಗಳನ್ನ ಇಟ್ಟಿದ್ದೀನಿ. ನಾನು ವ್ಯಾನಿನ ಮುಂದಿನ ಸೀಟಲ್ಲಿ ಕೂತಿದ್ದೀನಿ. ಬರುವಾಗ ಸ್ಪ್ಯಾನರ್ ಬೇಡ, ನನ್ನ ಸ್ವೆಟರ್ ತನ್ನಿ.

ಜಯಶೀಲ