ತಾನಾಗಿ ಒರೆಸುವ ವೈಪರ್

ಜಿಜಾನ್, ಸೌದಿ ಅರೇಬಿಯಾ,
೨೨ ಆಗಸ್ಟ್ ೨೦೨೫

ಪ್ರೀತಿಯ ಉಮ್ಮಾ,

ಅಸ್ಸಲಾಮು ಅಲೈಕುಂ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಅಳಿಯ ಮಿಸ್ಬಾಹ್ ಪಕ್ಕದಲ್ಲೇ ಕೂತಿರುತ್ತಾರೆ. ಊರಿಗೆ ಹೊರಟಿರುವ ನೆರೆಮನೆಯ ನಜ್ಮುನ್ನಿಸಾಳ ಕೈಯಲ್ಲಿ ಈ ಪತ್ರ ಕೊಡುತ್ತಿದ್ದೇನೆ. ಓದಿ ಗಾಬರಿಯಾಗಬೇಡಿ, ಇಬ್ಬರೂ ಜೀವಂತ ಇದ್ದೇವೆ.

ಅವರ ಬಲಗೈ ಸರಿಯಿಲ್ಲ ಉಮ್ಮಾ. ರಂಜಾನಿನಲ್ಲಿ ಪಿಕಪ್‌ನ ಹಿಂಬಾಗಿಲಿಗೆ ಸಿಕ್ಕಿದ ಬೆರಳುಗಳು ಇನ್ನೂ ಮಡಚುವುದಿಲ್ಲ. ನಿಮಗೂ, ವೀಸಾ ಕೊಟ್ಟು ಕೆಲಸಕ್ಕಿಟ್ಟುಕೊಂಡ ಕಫೀಲನಿಗೂ ಸಣ್ಣ ಗಾಯ ಎಂದು ಹೇಳಿದ್ದೆವು. ಫೈಫಾ ಬೆಟ್ಟದ ಅಂಗಡಿಗಳಿಗೆ ತರಕಾರಿ ಮುಟ್ಟಿಸುವುದೇ ಅವರ ಕೆಲಸ. ಕೈ ಆಗದೆಂದು ತಿಳಿದರೆ ಕಫೀಲ್ ಬೇರೆ ಡ್ರೈವರನ್ನು ಇಟ್ಟುಕೊಂಡು ನಮ್ಮನ್ನು ಊರಿಗೆ ಕಳಿಸುತ್ತಾನೆ.

ಗೇರ್ ಆಟೋಮ್ಯಾಟಿಕ್, ಸ್ಟೇರಿಂಗನ್ನು ಎಡಗೈಯಲ್ಲೇ ನಿಭಾಯಿಸುತ್ತಾರೆ. ಆದರೆ ವೈಪರಿನ ಕಡ್ಡಿ ಬಲಕ್ಕಿದೆ, ಬೆಟ್ಟದಲ್ಲಿ ಈಗ ಮಧ್ಯಾಹ್ನವಾದರೆ ಮಳೆ. ಅದಕ್ಕೇ ಸಫ್ವಾನನ ವರ್ಕ್‌ಶಾಪಿನಲ್ಲಿ ಒಂದು ಸೆನ್ಸರ್ ಕೂರಿಸಿದರು. ಕನ್ನಡಿಯ ಹಿಂದೆ, ಮುಂದಿನ ಗಾಜಿನ ಒಳಗಡೆ ಬೆಂಕಿಪೊಟ್ಟಣದಷ್ಟು ಸಾಮಾನು. ಹನಿ ಬಿದ್ದೊಡನೆ ವೈಪರ್ ತಾನಾಗಿ ಓಡುತ್ತದೆ. ಪೈಪಿನಿಂದ ನೀರು ಬಿಟ್ಟಾಗ ಚೆನ್ನಾಗಿಯೇ ಒರೆಸಿತು. "ನೋಡಿದೆಯಾ ಮಾರಾಯ್ತಿ, ಇನ್ನು ಈ ಕೈ ಎಂತಕ್ಕೆ?" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಬೆಟ್ಟಕ್ಕೆ ಹೊರಡುವ ಮೊದಲು, ನೀವು ಕಳಿಸಿದ್ದ 'ಮಾಷಾ ಅಲ್ಲಾಹ್' ಸ್ಟಿಕ್ಕರನ್ನು, ಎಲ್ಲರಿಗೂ ಕಾಣಲಿ ಎಂದು, ಗಾಜಿನ ಹೊರಗೆ ಮೇಲ್ಗಡೆ ನಡುಮಧ್ಯೆ ಅಂಟಿಸಿದರು. ನಾನು ಹಟ ಹಿಡಿದು ಜೊತೆಗೆ ಹತ್ತಿದೆ.

ಬೆಟ್ಟ ಇಳಿಯುವಾಗ ಮಳೆ ಒಮ್ಮೆಲೇ ಸುರಿಯಿತು. ವೈಪರ್ ಅಲ್ಲಾಡಲಿಲ್ಲ. ಬಲಕ್ಕೆ ಪ್ರಪಾತ, ಎದುರಿನ ತಿರುವಿನಿಂದ ಟ್ಯಾಂಕರಿನ ಹಾರ್ನ್ ಕೇಳುತ್ತಿದೆ, ಗಾಡಿ ಕಾಣುತ್ತಿಲ್ಲ. ಅವರ ಬಲಗೈ ಕಡ್ಡಿಯ ಮೇಲೆ ಬಿದ್ದು ಜಾರಿತು, ಮತ್ತೆ ಬಿದ್ದು ಜಾರಿತು. ಯಾ ಅಲ್ಲಾಹ್! ನಾನೇ ಬಾಗಿ ಕಡ್ಡಿ ಎಳೆದೆ. ಗಾಜು ತಿಳಿಯಾದಾಗ ಟ್ಯಾಂಕರ್ ಮೂಗಿನ ಮುಂದೆಯೇ ಇತ್ತು. ಹೇಗೋ ತಪ್ಪಿಸಿ ಬದಿಗೆ ನಿಲ್ಲಿಸಿದರು, ಸ್ಟೇರಿಂಗಿಗೆ ಹಣೆಯಿಟ್ಟು ಅತ್ತರು. ಅವರು ಅತ್ತದ್ದನ್ನು ನಾನು ಎಂದೂ ನೋಡಿರಲಿಲ್ಲ ಉಮ್ಮಾ. ನಾನು ಸೆನ್ಸರಿಗೂ ಸಫ್ವಾನನಿಗೂ ಬಾಯಿಗೆ ಬಂದಂತೆ ಬೈದೆ.

ಸಾಕು, ಊರಿಗೆ ಬನ್ನಿ ಎನ್ನುತ್ತೀರಿ, ಗೊತ್ತು. ಬರುವುದಿಲ್ಲ. ಅವರು ಇನ್ನು ಗಾಡಿ ಓಡಿಸುವುದೂ ಇಲ್ಲ. ಕೈಯ ವಿಷಯ ಕಫೀಲನಿಗೆ ನಾನೇ ಹೇಳಿ ಒಂದು ದಾರಿ ಮಾಡಿದ್ದೇನೆ. ಬೈಯುವುದಿದ್ದರೆ ನನಗೇ ಬೈಯಿರಿ.

ನಿಮ್ಮ ದುಆ ಬೇಡುವ ಮಗಳು,
ಫಸೀಲಾ

ತಾ.ಕ.: ಸೆನ್ಸರಿನಲ್ಲಿ ದೋಷವೇ ಇರಲಿಲ್ಲವಂತೆ. ಅದು ಹನಿಗಳನ್ನು ನೋಡುವ ಜಾಗದ ಮೇಲೆಯೇ ನಿಮ್ಮ ಸ್ಟಿಕ್ಕರ್ ಇತ್ತು. "ಉಮ್ಮನಿಗೆ ಹೇಳ್ಬೇಡ, ಬೇಜಾರು ಮಾಡ್ತಾರೆ" ಎಂದರು ಇವರು. ಮೆಲ್ಲಗೆ ಕಿತ್ತು ಕಪಾಟಿನಲ್ಲಿ ಜೋಪಾನ ಇಟ್ಟಿದ್ದಾರೆ. ಅದು ಇನ್ನು ಅಂಟುವುದಿಲ್ಲ. ಇನ್ನೊಂದು ಕಳಿಸಿ. ಡ್ರೈವರ್ ಬಾಗಿಲಿಗೆ ಅಂಟಿಸುತ್ತೇನೆ. ಅವರ ಕೈ ಕೆಟ್ಟಾಗಿನಿಂದ ನಿಮಗೆ ತಿಳಿಸದೆ ಕಲಿಯುತ್ತಿದ್ದೆ, ಮೊನ್ನೆ ಲೈಸೆನ್ಸ್ ಬಂತು, ಕಫೀಲನೂ ಒಪ್ಪಿದ. ನಾಳೆ ಬೆಟ್ಟಕ್ಕೆ ಪಿಕಪ್ ಓಡಿಸುವವಳು ನಾನು.