ಒಂದು ಮುಚ್ಚಳ ವಯೊಲೆಟ್

ಮಾರ್ಚ್ 3, ಮಂಗಳವಾರ. ಬೆಳಿಗ್ಗೆ 10

ಮತ್ತೆ ಮಬ್ಬು. ನಿಂಬೆರಸವನ್ನು ಟೀ ಜಾಲರಿಯಲ್ಲಿ ಸೋಸಿದರೆ ಸಾಲದು. ಹಳೆಯ ಕರವಸ್ತ್ರದಲ್ಲಿ ಸೋಸಿದೆ. ಆಗ ತಿಳಿಯಾಯಿತು.

ಜಿನ್ ಅರವತ್ತು ಎಂ.ಎಲ್. ನಿಂಬೆ ಹದಿನೈದು. ಚೆರ್ರಿ ಲಿಕರ್, ಅಂದರೆ ಹಣ್ಣಿನ ಸಿಹಿ ಮದ್ಯ, ಹದಿನೈದು. ಕೊನೆಗೆ ನೀಲಿ ಬಣ್ಣ ಕೊಡುವ ವಯೊಲೆಟ್ ಹೂವಿನ ಲಿಕರ್ — ಬರೀ ಐದು. ಅಳತೆಗೆ ಕೆಮ್ಮಿನ ಔಷಧದ ಮುಚ್ಚಳ, ತುಂಬಿದರೆ ಸರಿಯಾಗಿ ಐದು. ಕುಲುಕಲು ಜಾಮ್ ಬಾಟಲಿ. ಐಸಿನ ಜೊತೆ ನೂರು ಎಣಿಸುವಷ್ಟರಲ್ಲಿ ಬೆರಳು ಮರಗಟ್ಟುತ್ತದೆ.

ಹನ್ನೊಂದನೇ ತಾರೀಕು ಮಾಸ್ಟರ್ ಮುಂದೆ ಈ ಕಾಕ್‌ಟೇಲ್ ಮಾಡಿ ತೋರಿಸಬೇಕು. ಇಪ್ಪತ್ತಾರು ವರ್ಷದಿಂದ ಆ ಬಾರಿನ ಕೌಂಟರ್ ಹಿಂದೆ ನಿಂತವರು. ನಾನು ಎಂಟು ತಿಂಗಳಿಂದ ಅಲ್ಲಿ ಗ್ಲಾಸು ತೊಳೆಯುತ್ತಿದ್ದೇನೆ. ಸರಿಬಂದರೆ ಕೌಂಟರಿನ ಆಚೆ ಬರಬಹುದಂತೆ. ಎರಡು ಲಿಕರಿನ ತಳ ಉಳಿದ ಬಾಟಲಿಗಳನ್ನೂ ಅವರೇ ಕೊಟ್ಟರು, ಮನೆಯಲ್ಲಿ ಕಲಿ ಎಂದು. ಜಿನ್ ಮಾತ್ರ ನನ್ನದು. ಅಳತೆ ಕೊಟ್ಟ ಮೇಲೆ ಹೇಳಿದ್ದು ಒಂದೇ ಮಾತು. "ರುಚಿ ನಾನು ಕಲಿಸಬಹುದು. ಬಣ್ಣ ನೀನೇ ಹಿಡೀಬೇಕು. ನೀಲಿ ಇದೆಯೋ ಇಲ್ಲವೋ ಅಂತ ಅನುಮಾನ ಬರಬೇಕು, ಅಷ್ಟೇ ಇರಬೇಕು."

ಹೊಲಿಗೆ ಕ್ಲಾಸು ಬಿಟ್ಟೆ. ಕೊರಿಯರ್ ಕೆಲಸ ಬಿಟ್ಟೆ. ಅದಕ್ಕೆ ಮೊದಲು ಶಾಲೆ. ಹತ್ತನೇ ಕ್ಲಾಸಿನ ಪರೀಕ್ಷೆಯ ಮಧ್ಯೆ ನಾನೇ ಎದ್ದು, ಕಾಪಿ ಹೊಡೆದಿದ್ದೇನೆ ಎಂದೆ. ಯಾರೂ ನೋಡಿರಲಿಲ್ಲ. ಅದಕ್ಕೇ ಶಾಲೆ ಬಿಟ್ಟಿದ್ದು ಎಂದು ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ. ಇಲ್ಲಿ ನಿಜ ಬರೆಯಬೇಕು — ಕೂರಲಾಗುತ್ತಿರಲಿಲ್ಲ. ಕಾಲಿಗೆ ಇರುವೆ ಹತ್ತಿದ ಹಾಗೆ. ಅತ್ತೆ ನನ್ನನ್ನು ಕರೆಯುವುದೇ ಬುಗುರಿ ಎಂದು.

ಇದೊಂದನ್ನು ಅರ್ಧಕ್ಕೆ ಬಿಡಬಾರದು.

ಮಾರ್ಚ್ 4, ಬುಧವಾರ. ಬೆಳಿಗ್ಗೆ 9.30

ಬಣ್ಣ ಹಿಡಿಯಬೇಕೆಂದರೆ ಅತ್ತೆಯನ್ನು ಬಿಟ್ಟು ಇನ್ಯಾರನ್ನು ಕೇಳಲಿ.

ಅಪ್ಪನ ಅಕ್ಕ. ಅಪ್ಪ ನನ್ನನ್ನು ಇಲ್ಲಿಗೆ ಕಳಿಸಿ ನಾಲ್ಕು ವರ್ಷವಾಯಿತು. ಪೇಂಟ್ ಅಂಗಡಿಯಲ್ಲಿ ಮೂವತ್ತು ವರ್ಷದಿಂದ ಶೇಡ್ ಹೊಂದಿಸುವ ಕೆಲಸ ಅತ್ತೆಯದು. ಗೋಡೆಯಿಂದ ಎದ್ದ ಒಂದು ಚಕ್ಕೆ ತಂದು ಕೊಟ್ಟರೆ ಸಾಕು. ತಿರುಗಿಸಿ ಮುರುಗಿಸಿ ನೋಡಿ, ಯಾವ ಬಣ್ಣ ಎಷ್ಟು ಹನಿ ಎಂದು ಚೀಟಿ ಬರೆಯುತ್ತಾಳೆ. ಬಣ್ಣ ಬೆರೆಸುವ ಮಷಿನ್ ನಡೆಸುವವನನ್ನು ನಾನು ಕರೆಯುವುದು ಮಷಿನ್ ಅಣ್ಣ ಎಂದು. ಚೀಟಿಯ ನಂಬರುಗಳನ್ನು ಅವನು ಒತ್ತುತ್ತಾನೆ, ಮಷಿನ್ ಡಬ್ಬಿಗೆ ಹನಿ ಬೀಳಿಸುತ್ತದೆ. ಊರಿನ ಅರ್ಧ ಗೋಡೆಗಳ ಬಣ್ಣ ಅತ್ತೆಯ ಕಣ್ಣು ಹೊಂದಿಸಿದ್ದು. ಮನೆಯಲ್ಲಂತೂ ಆ ಕಣ್ಣಿನ ಮೇಲೆ ಅಪೀಲಿಲ್ಲ.

ಅವಳು ಕುಡಿಯುವುದಿಲ್ಲ. ಕುಡಿಯುವವರನ್ನು ಬೈಯುವುದೂ ಇಲ್ಲ. "ಕಣ್ಣು ಕೊಡ್ತೀನಿ, ಬಾಯಿ ಕೊಡಲ್ಲ" ಎಂದಳು. ಅವಳ ನಿಯಮಗಳು — ಮಧ್ಯಾಹ್ನದೊಳಗೆ ನೋಡಬೇಕು, ಉತ್ತರದ ಕಿಟಕಿ, ಹಿಂದೆ ಬಿಳಿ ಹಾಳೆ, ಬಲ್ಬ್ ಆರಿಸಬೇಕು.

ಒಂದು ಮುಚ್ಚಳ ಹಾಕಿದ್ದೆ. ನನಗೆ ಇಷ್ಟವಾಯಿತು. ಬೆಳಗಾಗುವ ಮುಂಚೆ ಒಂದು ಗಳಿಗೆ ಆಕಾಶ ಇರುತ್ತದಲ್ಲ, ಹಾಗೆ.

ಅತ್ತೆ ಕಣ್ಣು ಕಿರಿದು ಮಾಡಿದಳು. "ಬೂದಿ. ಪಾತ್ರೆ ತೊಳೆದ ನೀರು ಇದಕ್ಕಿಂತ ಚೆನ್ನಾಗಿರತ್ತೆ."

ನನಗೆ ನೀಲಿ ಕಾಣುತ್ತಿದೆ ಎಂದೆ. ಹಸಿದಾಗ ನಿನಗೆ ಏನೇನೋ ಕಾಣುತ್ತದೆ, ತಿಂಡಿ ತಿನ್ನು ಹೋಗು ಎಂದಳು. ಇನ್ನೊಂದು ಮುಚ್ಚಳ ಹಾಕಿದೆ. ಬೂದಿಗೆ ಸ್ವಲ್ಪ ಜೀವ ಬಂತಂತೆ.

ಮಾರ್ಚ್ 7, ಶನಿವಾರ

ಮೂರು ಮುಚ್ಚಳ. "ಈಗ ಹತ್ತಿರ ಬಂತು ನೋಡು" ಎಂದಳು ಅತ್ತೆ.

ನನಗೆ ಶಾಯಿಯ ಹಾಗೆ ಕಾಣುತ್ತದೆ. ಚಮಚದಲ್ಲಿ ರುಚಿ ನೋಡಿದೆ — ಮೈಸೋಪು. ಆದರೆ ನನ್ನ ನಾಲಿಗೆ ಎಂಟು ತಿಂಗಳದ್ದು, ಅವಳ ಕಣ್ಣು ಮೂವತ್ತು ವರ್ಷದ್ದು. ಮೂರು ಎಂದೇ ಗೋಡೆಯ ಮೇಲೆ ಬರೆದುಕೊಂಡೆ.

ಅತ್ತೆಗೆ ಇವತ್ತು ಮನಸ್ಸು ಸರಿಯಿಲ್ಲ. ಮಕ್ಕಳ ಕ್ಲಿನಿಕ್ಕಿನ ಗೋಡೆಗೆ ತೇಪೆ ಹಚ್ಚಲು ತಿಳಿನೀಲಿ ಕೊಟ್ಟಿದ್ದರಂತೆ. ಹಚ್ಚಿ ಒಣಗಿದ ಮೇಲೆ ಬಿಳಿ ಪ್ಲಾಸ್ಟರ್ ಅಂಟಿಸಿದ ಹಾಗೆ ಎದ್ದು ಕಾಣುತ್ತಿದೆಯಂತೆ. ಅಲ್ಲಿನ ನರ್ಸ್ ಅಂಗಡಿಗೇ ಬಂದು ಕೂಗಾಡಿದಳು. "ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲ ಹಳದಿ" ಎಂದು ಅತ್ತೆಯೂ ಅಂದುಬಿಟ್ಟಳಂತೆ. ಅಂಗಡಿಯ ಯಜಮಾನರು ಹೋಗಿ ನೋಡಿಕೊಂಡು ಬಂದರು. ಯಾರ ತಪ್ಪು ಎಂದು ಕೇಳಿದರು. ನನ್ನ ಚೀಟಿ ಸರಿ ಇದೆ, ನಂಬರ್ ಒತ್ತುವಾಗ ತಪ್ಪಾಗಿದೆ ಎಂದಳು ಅತ್ತೆ. ಮಷಿನ್ ಅಣ್ಣ ತುಟಿಪಿಟಕ್ಕೆನ್ನಲಿಲ್ಲ. ಹೋದ ವಾರ ಕೂಡ ಒಂದು ದೂರು ಬಂದಿತ್ತು. ಅವನನ್ನು ಕೆಲಸದಿಂದ ತೆಗೆದರು.

ಎರಡು ಹೆಣ್ಣುಮಕ್ಕಳು ಅವನಿಗೆ. ಚಿಕ್ಕವಳು ನನ್ನ ಹತ್ತಿರ ಸೈಕಲ್ ಕಲಿತವಳು.

ಅತ್ತೆ ರಾತ್ರಿ ಊಟ ಮಾಡಲಿಲ್ಲ. ಸುಮ್ಮನಿದ್ದನಲ್ಲ, ಒಂದು ಮಾತು ಎದುರಾಡಬಾರದಿತ್ತಾ, ಎಂದು ಎರಡು ಸಲ ಹೇಳಿದಳು.

ಮಾರ್ಚ್ 11, ಬುಧವಾರ

ಫೇಲ್.

ಮಾಸ್ಟರ್ ಗ್ಲಾಸನ್ನು ಬೆಳಕಿಗೆ ಹಿಡಿದರು. ಮೂಸಿದರು. ಒಂದು ಗುಟುಕು ಕುಡಿದು ಸಿಂಕಿಗೆ ಸುರಿದರು. "ಇದರಲ್ಲಿ ಬಟ್ಟೆ ಒಗೀಬಹುದು." ಆಮೇಲೆ ಎಷ್ಟು ಹಾಕಿದೆ ಎಂದು ಕೇಳಿದರು. ಮೂರು ಮುಚ್ಚಳ ಎಂದೆ. ನಾನು ಹೇಳಿದ್ದು ಐದು ಎಂ.ಎಲ್., ನೀನು ಹದಿನೈದು ಸುರಿದೆ, ಯಾಕೆ, ಎಂದರು.

ಅತ್ತೆ ಹೇಳಿದಳು ಎಂದೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ನಿಜವೇ, ಆದರೂ ಚಾಡಿ ಹೇಳಿದ ಹಾಗಾಯಿತು.

ಅವರೇ ಒಂದು ಮಾಡಿದರು, ಐದರ ಅಳತೆಯಲ್ಲಿ. ಕೌಂಟರಿನ ಮೇಲೆ ಬಿಳಿ ನ್ಯಾಪ್‌ಕಿನ್ ಹಾಸಿ ಇಟ್ಟರು. ನೋಡಿದೆ. ಇದೇ ಬಣ್ಣ. ಮೊದಲ ದಿನ ನಾನು ಮಾಡಿದ್ದು, ಅತ್ತೆ ಬೂದಿ ಎಂದದ್ದು — ಇದೇ.

ಇನ್ನೊಂದು ತಿಂಗಳು ಗ್ಲಾಸು ತೊಳಿ, ಆಮೇಲೆ ನೋಡೋಣ, ಎಂದರು.

ಮಾರ್ಚ್ 12, ಗುರುವಾರ. ಬೆಳಿಗ್ಗೆ 8

ಅತ್ತೆ ಕೆಲಸಕ್ಕೆ ಹೊರಟಿದ್ದಾಳೆ. ಒಂದು ಕಾಲಿಗೆ ಕಪ್ಪು ಕಾಲುಚೀಲ, ಇನ್ನೊಂದಕ್ಕೆ ಕಡುನೀಲಿ. ಅತ್ತೆ. ಕಾಲುಚೀಲ. ಇಷ್ಟು ದಿನ ನಾನೇನು ನೋಡುತ್ತಿದ್ದೆ.

ಅದೇ ದಿನ, 11

ತಡೆದು ನಿಲ್ಲಿಸಿದೆ. ಹತ್ತು ನಿಮಿಷ ಎಂದೆ.

ಎರಡು ಗ್ಲಾಸು ಮಾಡಿದೆ. ಎಡಗಡೆಯದಕ್ಕೆ ಒಂದು ಮುಚ್ಚಳ ವಯೊಲೆಟ್, ಬಲಗಡೆಯದಕ್ಕೆ ಇಲ್ಲವೇ ಇಲ್ಲ. ಉತ್ತರದ ಕಿಟಕಿ, ಬಿಳಿ ಹಾಳೆ, ಎಲ್ಲ ಅವಳ ನಿಯಮದಂತೆ. ಯಾವುದರಲ್ಲಿ ಹೂವಿನದು ಇದೆ ಎಂದು ಕೇಳಿದೆ. ಬಗ್ಗಿ ನೋಡಿದಳು. ಎತ್ತಿ ನೋಡಿದಳು. ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡಳು.

"ಎರಡರಲ್ಲೂ ಇಲ್ಲ. ಆಟ ಆಡಿಸ್ತಿದೀಯೇನೇ?"

"ಎಡಗಡೇದು ನೀಲಿ ಇದೆ ಅತ್ತೆ."

"ಬುಗುರಿ, ನಂಗೆ ಹೊತ್ತಾಯ್ತು."

"ನಿಂಗೆ ಕಾಣ್ತಿಲ್ಲ. ಕಾಲುಚೀಲ ನೋಡ್ಕೋ. ಒಂದು ಕಪ್ಪು, ಒಂದು ನೀಲಿ. ಕ್ಲಿನಿಕ್ ಗೋಡೇನೂ ಹಾಗೇ ಆಗಿದ್ದು. ತಪ್ಪಿದ್ದು ಮಷಿನ್ ಅಣ್ಣ ಅಲ್ಲ."

ನಿಧಾನವಾಗಿ ಹೇಳಬಹುದಿತ್ತು. ಕೂರಿಸಿ, ನೀರು ಕೊಟ್ಟು ಹೇಳಬಹುದಿತ್ತು. ನನಗೆ ಬರುವುದು ಹೀಗೆ ಮಾತ್ರ.

ಅತ್ತೆ ಕೂತಳು. ಎರಡೂ ಕಾಲುಚೀಲ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದಳು. ಬಹಳ ಹೊತ್ತು. ಮತ್ತೆ ಅವನ್ನೇ ಹಾಕಿಕೊಂಡು ಹೊರಟುಹೋದಳು.

ಮಾರ್ಚ್ 20, ಶುಕ್ರವಾರ

ಎಂಟು ದಿನ ನನ್ನ ಜೊತೆ ಮಾತಿಲ್ಲ. ಟೀ ಮಾಡಿ ನನ್ನ ಲೋಟ ಮುಚ್ಚಿಡುತ್ತಾಳೆ, ಅಷ್ಟೇ. ನಾನು ಬರೆಯಲೂ ಇಲ್ಲ. ಬರೆದರೆ ನಾನೇ ಸರಿ ಎಂದು ಬರೆಯುತ್ತಿದ್ದೆ.

ಇವತ್ತು ಮಧ್ಯಾಹ್ನವೇ ಬಂದಳು. ಮೇಜಿನ ಮೇಲೆ ಒಂದು ಕಾಗದ ಇಟ್ಟು, ಓದು ಎಂದಳು. ಕಣ್ಣಿನ ಪೊರೆ, ಎರಡೂ ಕಡೆ. ಒಬ್ಬಳೇ ಡಾಕ್ಟರ ಹತ್ತಿರ ಹೋಗಿದ್ದಾಳೆ. ಒಳಗಿನ ಮಸೂರ ಹಳದಿಗಟ್ಟಿದೆಯಂತೆ. ನೀಲಿ, ನೇರಳೆ ಮೊದಲು ಹೋಗುತ್ತವಂತೆ. ಮೆಲ್ಲಗೆ ಹೋಗುವುದರಿಂದ ಗೊತ್ತೇ ಆಗುವುದಿಲ್ಲವಂತೆ. ಏಪ್ರಿಲ್ ಆರಕ್ಕೆ ಬಲಗಣ್ಣಿನ ಆಪರೇಷನ್. ಎಡಗಡೆಯದು ಆಮೇಲೆ.

ಅಂಗಡಿಯಲ್ಲಿ ಹಲ್ಲುನೋವು ಎಂದು ಹೇಳಿ ರಜೆ ಕೇಳಿದ್ದಾಳೆ.

ಹಾಗಾದರೆ ಮಷಿನ್ ಅಣ್ಣನ ಕಥೆ ಏನು ಎಂದೆ. ಮೊದಲು ಕಣ್ಣು ಬರಲಿ ಎಂದಳು. ಕಣ್ಣು ಬರುವವರೆಗೆ ಅವನ ಮನೆಯಲ್ಲಿ ಒಲೆ ಉರಿಯಬೇಡವೇ ಎಂದೆ. ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ.

"ಕಣ್ಣು ಹೋಗಿದೆ ಅಂತ ಒಂದ್ಸಲ ಬಾಯಿಗೆ ಬಂದ್ರೆ ಮುಗೀತು ಕಣೇ. ಆಮೇಲೆ ಆಪರೇಷನ್ ಆದ್ರೂ ಅಷ್ಟೇ. ನನ್ನ ಚೀಟೀನ ಯಾರು ನಂಬ್ತಾರೆ? ಆ ಅಂಗಡೀಲಿ ನಾನು ಅಂದ್ರೆ ಈ ಎರಡು ಕಣ್ಣು. ಅದು ಬಿಟ್ರೆ ಒಂದು ಮುದುಕಿ, ಒಂದು ಸ್ಟೂಲು."

ಆದರೂ ಸರಿಯಲ್ಲ. ಎರಡೂ ನಿಜ — ಅವಳ ಹೆದರಿಕೆಯೂ ನಿಜ, ಇದು ಸರಿಯಲ್ಲ ಎನ್ನುವುದೂ ನಿಜ.

ಮಾರ್ಚ್ 27, ಶುಕ್ರವಾರ. ಮಧ್ಯಾಹ್ನ 1

ಮಷಿನ್ ಅಣ್ಣ ಸಿಕ್ಕಿದ. ಗೋದಾಮಿನ ಮುಂದೆ ಸಿಮೆಂಟ್ ಚೀಲ ಇಳಿಸುತ್ತಿದ್ದ. ರೆಪ್ಪೆಯ ಮೇಲೆಲ್ಲ ಪುಡಿ. ನನ್ನನ್ನು ಕಂಡು ಚೀಲ ಇಳಿಸಿ, ಅಕ್ಕ ಹೇಗಿದ್ದಾರೆ ಎಂದ. ಮೊದಲ ಪ್ರಶ್ನೆಯೇ ಅತ್ತೆಯ ಬಗ್ಗೆ.

ಕಣ್ಣಿನ ವಿಷಯ ಹೇಳಿಬಿಟ್ಟೆ. ಅವನಿಗೆ ಆಶ್ಚರ್ಯವೇ ಆಗಲಿಲ್ಲ.

"ಒಂದು ವರ್ಷದಿಂದ ಗೊತ್ತು. ಚೀಟೀಲಿ ನೀಲಿ ಹನಿ ಕಡಿಮೆ ಬರೀತಿದ್ರು. ನಾನು ಒತ್ತುವಾಗ ಎರಡೋ ಮೂರೋ ಜಾಸ್ತಿ ಒತ್ತಿಬಿಡ್ತಿದ್ದೆ. ಕ್ಲಿನಿಕ್‌ದು ಮಾಡೋವಾಗ ಅಕ್ಕ ಪಕ್ಕದಲ್ಲೇ ನಿಂತಿದ್ರು. ಒತ್ತೋಕಾಗಲಿಲ್ಲ."

ಯಜಮಾನರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಮಷಿನ್ ಮುಟ್ಟಲು ಕಲಿಸಿದ್ದೇ ಅಕ್ಕ, ಅವರ ಮೇಲೆ ಬೊಟ್ಟು ಮಾಡಲೇ ಎಂದ. ನೆತ್ತಿಯ ಮೇಲೆ ಬಿಸಿಲು. ಅವನ ಬೆನ್ನಿನ ಅಂಗಿ ಹರಿದಿತ್ತು. ಈ ವಿಷಯ ಅವರಿಗೆ ಹೇಳಬೇಡ, ನೊಂದುಕೊಳ್ಳುತ್ತಾರೆ, ಮಾತು ಕೊಡು ಎಂದು ಕೈ ಚಾಚಿದ.

ಕೊಡಲಿಲ್ಲ. ಕೊಟ್ಟರೆ ಉಳಿಸಿಕೊಳ್ಳುವವಳು ನಾನಲ್ಲ, ಅದನ್ನೂ ಹೇಳಿದೆ. ನಕ್ಕ. ಹಾಗಾದರೆ ಆಪರೇಷನ್ ಮುಗಿಯುವವರೆಗಾದರೂ ತಡಿ ಎಂದ. ಅದಕ್ಕೆ ಒಪ್ಪಿದೆ.

ಏಪ್ರಿಲ್ 7, ಮಂಗಳವಾರ

ಪಟ್ಟಿ ಬಿಚ್ಚಿದರು. ಡಾಕ್ಟರ ಕೋಣೆಯಿಂದ ಹೊರಗೆ ಬಂದು ಎದುರಿನ ಗೋಡೆ ನೋಡಿದಳು, ನರ್ಸಿನ ಸಮವಸ್ತ್ರ ನೋಡಿದಳು, ನನ್ನ ಚೂಡಿದಾರ ನೋಡಿ ಇದು ಯಾವಾಗ ತಗೊಂಡೆ ಎಂದು ಕೇಳಿದಳು. ಎರಡು ವರ್ಷದ ಹಳೆಯದು. ಅವಳೇ ಕೊಡಿಸಿದ್ದು.

ಡಾಕ್ಟರು ಕೊಟ್ಟ ಕಪ್ಪು ಕನ್ನಡಕವನ್ನು ಎತ್ತಿ ಎತ್ತಿ, ದಾರಿಯ ಗೋಡೆಗಳನ್ನು ನೋಡುತ್ತಾ ಬಂದಳು.

ಏಪ್ರಿಲ್ 11, ಶನಿವಾರ

ಮಾಸ್ಟರ್ ಮುಂದೆ ಮತ್ತೆ ಮಾಡಿದೆ. ಯಾರನ್ನೂ ಕೇಳಲಿಲ್ಲ. ಐದೇ ಎಂ.ಎಲ್. ಅವರು ಪೂರ್ತಿ ಕುಡಿದು, ಆ ಗ್ಲಾಸನ್ನು ತಾವೇ ತೊಳೆದಿಟ್ಟರು. ಸೋಮವಾರ ಕೌಂಟರ್ ಆಚೆ ನಿಲ್ಲಬೇಕಂತೆ.

ಖುಷಿಯಾಗಬೇಕಿತ್ತು. ಆಗಿದೆ. ಆದರೆ ಮುಳ್ಳು ಇನ್ನೂ ಕಾಲಲ್ಲೇ ಇದೆ. ಆಪರೇಷನ್ ಮುಗಿದು ಐದು ದಿನವಾಯಿತು. ನಾಳೆ ಅತ್ತೆಗೆ ಹೇಳುತ್ತೇನೆ.

ಏಪ್ರಿಲ್ 12, ಭಾನುವಾರ. ಬೆಳಿಗ್ಗೆ 10.30

ಕೇಳಿದ್ದು ಅವಳೇ. ಆ ನಿನ್ನ ಗ್ಲಾಸು ಒಂದು ಮಾಡು, ನೋಡಬೇಕು ಎಂದಳು.

ಬಾಟಲಿಯಲ್ಲಿ ಉಳಿದದ್ದು ಸರಿಯಾಗಿ ಒಂದು ಮುಚ್ಚಳ. ಕುಲುಕಿ, ಸೋಸಿ, ಕಿಟಕಿಯಲ್ಲಿಟ್ಟೆ. ಅತ್ತೆ ಎಡಗಣ್ಣು ಮುಚ್ಚಿ ನೋಡಿದಳು. ಆಮೇಲೆ ಬಲಗಣ್ಣು ಮುಚ್ಚಿ ನೋಡಿದಳು. ಮತ್ತೆ ಎಡ. ಮತ್ತೆ ಬಲ. ಒಂದು ಕಣ್ಣಿಗೆ ಆಕಾಶ, ಇನ್ನೊಂದು ಕಣ್ಣಿಗೆ ಬೂದಿ. ಹೇಳದಿದ್ದರೂ ಮುಖದಲ್ಲಿ ಕಾಣುತ್ತಿತ್ತು. ಹತ್ತು ಸಲವಾದರೂ ಹಾಗೆ ಮಾಡಿರಬೇಕು.

"ಎಷ್ಟು ಗೋಡೆ ಕೆಡಿಸಿದೀನೋ" ಎಂದಳು.

ಆಗ ಹೇಳಿದೆ. ಹೆಚ್ಚು ಕೆಡಲಿಲ್ಲ ಅತ್ತೆ, ಕೆಡದ ಹಾಗೆ ಒಬ್ಬರು ನೋಡಿಕೊಳ್ಳುತ್ತಿದ್ದರು, ಎಂದೆ. ಎಲ್ಲವನ್ನೂ ಹೇಳಿದೆ — ಹೆಚ್ಚಿಗೆ ಒತ್ತುತ್ತಿದ್ದ ಹನಿ, ಪಕ್ಕದಲ್ಲಿ ಅವಳು ನಿಂತಿದ್ದ ದಿನ, ಸಿಮೆಂಟ್ ಚೀಲ. ಈ ಸಲ ನಿಧಾನವಾಗಿ ಹೇಳಿದೆ. ಪಕ್ಕದಲ್ಲಿ ಕೂತು ಹೇಳಿದೆ.

"ಒಂದು ವರ್ಷ?"

"ಒಂದು ವರ್ಷ."

ಅಳಬಾರದು ಎಂದು ಡಾಕ್ಟರು ಹೇಳಿದ್ದರು. ಅಳಲಿಲ್ಲ. ಎದ್ದು ಒಳಗೆ ಹೋದಳು. ಕಪಾಟು ತೆಗೆದ ಸದ್ದು. ಬಟ್ಟೆ ಬದಲಿಸಿ ಬಂದಳು. ಕಪ್ಪು ಕನ್ನಡಕ, ಕೈಚೀಲ, ಅದರಲ್ಲಿ ಡಾಕ್ಟರ ಕಾಗದ.

ಮಷಿನ್ ಅಣ್ಣನ ಮನೆಗಾ ಎಂದು ಕೇಳಿದೆ.

"ಅವನ ಮನೆಗೆ ಬರೀ ಮಾತು ಹೊತ್ಕೊಂಡು ಹೋಗ್ಲಾ? ಮೊದಲು ಯಜಮಾನರ ಮನೆ. ಚೀಟಿ ಬರೆದಿದ್ದು ನಾನು, ತಪ್ಪಿದ್ದು ನಾನು ಅಂತ ಹೇಳ್ಬೇಕು. ಅವನ ಕೆಲಸ ವಾಪಸ್ ಕೊಡ್ತೀನಿ ಅಂತ ಅವರು ಬಾಯಿಬಿಟ್ಟು ಅನ್ಬೇಕು. ಆಮೇಲೆ ಅವನ ಮನೆ."

ನಿನ್ನ ಸ್ಟೂಲು ಹೋದರೆ ಎಂದೆ. ಕೇಳಬಾರದಿತ್ತು. ಕೇಳಿದೆ.

ಬಾಗಿಲು ಹಿಡಿದು ನಿಂತಳು. ಹೋದರೆ ಹೋಗಲಿ ಎಂದು ಅನ್ನಲಿಲ್ಲ. ಚಪ್ಪಲಿಗೆ ಕಾಲು ತೂರಿಸಿದಳು.

ನನ್ನನ್ನು ಕರೆಯಲಿಲ್ಲ. ಬರಬೇಡ ಎಂದೂ ಹೇಳಲಿಲ್ಲ. ಇಷ್ಟು ಬರೆಯುವಷ್ಟರಲ್ಲಿ ಮೆಟ್ಟಿಲ ಹತ್ತಿರ ಹೋಗಿದ್ದಾಳೆ. ಹದಿನೆಂಟು ಮೆಟ್ಟಿಲು, ಕತ್ತಲು ತಿರುವು, ಸರಿಯಿರುವುದು ಒಂದೇ ಕಣ್ಣು. ಒಂದೊಂದು ಮೆಟ್ಟಿಲಿಗೂ ನಿಂತು ನಿಂತು ಕಾಲಿಡುವ ಸದ್ದು ಕೇಳುತ್ತಿದೆ. ಬರೆಯುವುದು ಅರ್ಧಕ್ಕೇ ನಿಲ್ಲಲಿ, ಹೋಗಿ ಕೈ ಹಿಡಿ—